ಹಿತ್ತಿಲ ಗಂಧಕ್ಕೆ ಚೇಗು ಕೂಡುವ ಮುನ್ನ

2020ರಲ್ಲಿ ಎಲ್ಲರೂ ಮನೆಯೊಳಗೇ ಕೂತಿದ್ದಾಗ, ಪರದೇಶದ ಈ ಟೊರೆನ್ಸ್ ಊರಿನ ನಮ್ಮ ಹಿತ್ತಿಲಿನಲ್ಲಿ ನಾನೊಂದು ಗಂಧದ ಸಸಿ ನೆಟ್ಟೆ. ಪಕ್ಕದ ಬೀದಿಯ ಆಂಟಿ ಧಾರವಾಡದ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಊಟ ಕದಿಯುತ್ತದೆ ಎಂದು ಹೇಳಿ, ಬುಡದ ಬಳಿ ನಾಲ್ಕು ತೊಗರಿಕಾಳು ಊರಿದರು. ಸಸಿ ಬದುಕಿತು. ಆ ಖುಷಿಯಲ್ಲಿ, "ಇದರ ಮೊದಲ ಗಂಧ ನಿಮ್ಮ ಹಣೆಗೇ ಆಂಟಿ" ಎಂದುಬಿಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದು.

ನಾಲ್ಕು ವರ್ಷಕ್ಕೆ ಮರ ನನಗಿಂತ ಎತ್ತರವಾಯಿತು. ಅಷ್ಟರಲ್ಲಿ ಆಂಟಿ ಧಾರವಾಡಕ್ಕೆ ಕಾಯಮ್ಮಾಗಿ ಹೊರಟು ನಿಂತರು. ಹೊರಡುವ ದಿನಕ್ಕೆ ಮುಂಚಿನ ಭಾನುವಾರ ಅವರನ್ನು ಊಟಕ್ಕೆ ಕರೆದೆ. ಬೆಳಿಗ್ಗೆಯೇ ಹೆಬ್ಬೆರಳು ಗಾತ್ರದ ಕೊಂಬೆ ಕಡಿದು ಸಾಣೆಕಲ್ಲಿನ ಮೇಲೆ ಭುಜ ನೋಯುವಷ್ಟು ತೇಯ್ದೆ. ಬೆಳ್ಳಗೆ ಏನೋ ಬಂತು, ಆದರೆ ಪೆನ್ಸಿಲ್ ಹೆರೆದಷ್ಟೂ ವಾಸನೆಯಿಲ್ಲ. ನನಗೆ ರೇಗಿಹೋಯಿತು. ಕೊಂಬೆಯಲ್ಲಿ ಇಲ್ಲದ್ದು ಕಾಂಡದಲ್ಲಿ ಇದ್ದೇ ಇರಬೇಕೆಂದು ಗರಗಸ ಹಿಡಿದು ಹಿತ್ತಿಲಿಗೆ ನಡೆದೆ.

ಬುಡಕ್ಕೆ ಗರಗಸ ಇಡುವಷ್ಟರಲ್ಲಿ ಆಂಟಿ ಗೇಟು ತೆಗೆದು ಒಳಗೆ ಬಂದರು.

"ಕೆಳಗ ಇಡವ್ವಾ ಅದನ್ನ. ಇದಕ್ಕ ಇನ್ನೂ ಚೇಗು ಕೂಡಿಲ್ಲ."

"ನಾಲ್ಕು ವರ್ಷ ಆಯ್ತಲ್ಲಾ ಆಂಟಿ."

ಅವರು ಮರದಲ್ಲಿ ನಾನು ಕೊಂಬೆ ಕಡಿದ ಬಿಳಿ ಗಾಯ ತೋರಿಸಿದರು. "ಎಳೀ ಮರ ಪೂರಾ ನೀರು ಹೊರೂ ಕೆಲಸದಾಗ ಇರ್ತದ. ಬೆಳದಂಗ ಹೊರಗ ಹೊಸಾ ಸುತ್ತು ಬರ್ತಾವ, ನಡುವಿಂದಕ್ಕ ಆ ಕೆಲಸ ತಪ್ಪತದ. ಅದು ಸಾಯೂ ಮುಂದ ಒಳಗ ಎಣ್ಣಿ ತುಂಬಕೊಂಡು ಕಂದಾಗಿ ಗಟ್ಟಿ ಆಗ್ತದ. ಅದಕ್ಕ ಚೇಗು ಅಂತಾರ. ವಾಸನಿ ಇರೂದು ಅಲ್ಲೇ."

"ಅಂದ್ರೆ ಕೆಲ್ಸ ಬಿಟ್ಮೇಲೆ ಘಮ ಬರುತ್ತಾ?"

"ಮತ್ತ? ನಾ ರಿಟೈರ್ ಆಗಿ ಎಷ್ಟು ವರ್ಷಾತು, ನೋಡಿದ್ರ ತಿಳಿಯೂದಿಲ್ಲೇನು?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಚೇಗು ಚೆನ್ನಾಗಿ ಬಲಿಯಲು ಇನ್ನೂ ಇಪ್ಪತ್ತು ವರ್ಷವಾದರೂ ಬೇಕಂತೆ. ಆಂಟಿಗೆ ಆಗಲೇ ಎಪ್ಪತ್ತೆರಡು. ಕೊಟ್ಟ ಮಾತು ಹೋಯಿತೆಂದು ಗರಗಸ ಕೆಳಗಿಟ್ಟೆ.

ಆಂಟಿ ಮನೆಯೊಳಗೆ ಬಂದವರೇ ಸಾಣೆಕಲ್ಲಿನ ಎದುರು ಕೂತು ಹಣೆ ಮುಂದೆ ಮಾಡಿದರು.

"ಹಚ್ಚು. ಮೊದಲನೇದು ನನಗ ಅಂದಿದ್ದಿ. ವಾಸನೀ ಮಾತು ಆಡಿದ್ದಿಲ್ಲ."

ಹಚ್ಚಿದೆ. ಸಂಜೆ ಮನೆಗೆ ನಡೆದು ಹೋಗುವಾಗಲೂ ಅವರು ಅದನ್ನು ಒರೆಸಿಕೊಂಡಿರಲಿಲ್ಲ.