ಅಂಗಿ ತೆಗೆಯದ ಅಪ್ಪ

ಒಗೆದ ಬಟ್ಟೆಯ ರಾಶಿಯಲ್ಲಿ ಇವರ ಅಂಗಿಗಳನ್ನು ನಾನು ಕಣ್ಣು ಮುಚ್ಚಿಯೂ ಗುರುತಿಸಬಲ್ಲೆ. ಎಲ್ಲದರ ಬಲಮಗ್ಗುಲೂ ಸೊಂಟದ ಹತ್ತಿರ ಒಳಗಿನಿಂದ ಸವೆದು ತೆಳ್ಳಗಾಗಿರುತ್ತದೆ. ಅಳತೆಗಿಂತ ದೊಡ್ಡ ಅಂಗಿಗಳು ಬೇರೆ. ಮುಳ್ಳೇರಿಯ ಪೇಟೆಯಲ್ಲಿ ಸಿಕ್ಕಿದವರು, "ಎಂತ, ನಿಮ್ಮ ಯಜಮಾನರು ಸಪೂರ ಆದದ್ದು? ಶುಗರ್ ಉಂಟಾ?" ಎಂದು ಕೇಳುತ್ತಾರೆ. ನಾನು ಹೂಂಗುಟ್ಟುತ್ತೇನೆ. ಇಲ್ಲದ ಶುಗರಿಗೆ ಎಷ್ಟು ಜನ ಮದ್ದು ಹೇಳಿಕೊಟ್ಟಿದ್ದಾರೋ! ನಿಜ ಏನೆಂದರೆ ಇವರು ಪೊಲೀಸಿನವರು, ಒಬ್ಬ ದೊಡ್ಡ ಮನುಷ್ಯರ ಕಾವಲಿಗೆ ಸಾದಾ ಉಡುಪಿನಲ್ಲಿ ಹೋಗುವವರು. ಅಂಗಿಯ ಅಡಿಯಲ್ಲಿ ಪಿಸ್ತೂಲು ಇರುತ್ತದೆ. ಮದುವೆಮನೆಗೆ ಹೋದರೂ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಅಕ್ಷತೆ ಹಾಕುತ್ತಾರೆ. ಅರ್ಧ ಅಕ್ಷತೆ ಎದುರು ನಿಂತವರ ತಲೆಗೆ.

ಮೊನ್ನೆ ಬೆಳಿಗ್ಗೆ ಆ ಅಂಗಿ ಮಡಚುವಾಗ ತಲೆಯಲ್ಲಿ ಬೇರೆಯೇ ಯೋಚನೆ. ಮಧ್ಯಾಹ್ನ ಮಗಳ ಶಾಲೆಯಲ್ಲಿ ಪಿ.ಟಿ.ಎ. ಸಭೆ ಇತ್ತು. ಹಿಂದಿನ ವಾರ ಮಗಳನ್ನು ಕರೆತರಲು ಹೋದ ಇವರು ಅವಳ ಶೂ ಲೇಸು ಕಟ್ಟಲು ಬಗ್ಗಿದಾಗ ಅಂಗಿ ಮೇಲೆ ಸರಿದು, ಅವಳ ಗೆಳತಿಯೊಬ್ಬಳು ನೋಡಿಬಿಟ್ಟಿದ್ದಳು. ಮಾತು ಮನೆಮನೆ ಸುತ್ತಿ ಸಭೆಗೆ ಬಂದಿತ್ತು.

ನಾನೇನೂ ಬಂದೂಕು ಕಾಣದ ಮನೆಯವಳಲ್ಲ. ಕುಂಬ್ಡಾಜೆಯ ನನ್ನ ತವರಿನಲ್ಲಿ ಹಂದಿ ಓಡಿಸಲು ಲೈಸನ್ಸಿನ ಕೋವಿ ಇತ್ತು. ಚಾವಡಿಯ ಗೋಡೆಯಲ್ಲಿ ಅಜ್ಜನ ಫೋಟೋದ ಪಕ್ಕ ತೂಗುತ್ತಿತ್ತು. ಓಟು ಬಂದಾಗ ನನ್ನ ಅಪ್ಪ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಓಟು ಮುಗಿದ ಮೇಲೆ ಮತ್ತೆ ಅದೇ ಮೊಳೆಗೆ. ಅದರ ಹೆದರಿಕೆ ನನಗೆ ಇರಲಿಲ್ಲ, ಎಲ್ಲಿದೆಯೆಂದು ಕಾಣುತ್ತಿತ್ತಲ್ಲ. ಮದುವೆಯ ಹೊಸದರಲ್ಲಿ ಇವರ ಹತ್ತಿರವೂ "ಲೈಸನ್ಸು ಎಲ್ಲಿ?" ಎಂದು ಕೇಳಿ ನಗೆಪಾಟಲಾದೆ. ಡ್ಯೂಟಿಯಲ್ಲಿರುವ ಪೊಲೀಸಿನವರಿಗೆ ಆ ಕಾನೂನು ತಾಗುವುದಿಲ್ಲವಂತೆ. ಮಗಳು ಶಾಲೆಗೆ ಸೇರಿದ ಮೇಲೆ, ಶಾಲೆಯ ಹತ್ತಿರ ಹೋಗುವಾಗ ಏನು ಮಾಡುತ್ತೀರಿ ಎಂದರೆ, "ಎಲ್ಲಿ ಸಹ ಬಿಟ್ಟು ಹೋಗುವ ಹಾಗಿಲ್ಲ. ಆಟೋದಲ್ಲಿ ಇಟ್ಟು ಹೋಗ್ಲಾ?" ಎಂದಿದ್ದರು. ಅದೂ ಸರಿಯೇ. ನೀವೇ ಹೇಳಿ, ಬಿಟ್ಟು ಹೋದರೂ ಹೆದರಿಕೆ, ತೆಗೆದುಕೊಂಡು ಹೋದರೂ ಹೆದರಿಕೆ ಎಂದರೆ ಹೆಂಡತಿಯಾದವಳು ಯಾವುದಕ್ಕೆ ಹೆದರಬೇಕು?

ಇದು ಮಗಳು ಶಾಲೆಗೆ ಸೇರುವ ಮೊದಲಿನ ಮಾತು. ಅವಳ ಅಕ್ಷರಾಭ್ಯಾಸ ವಿಜಯದಶಮಿಯಂದು, ಶಾಲೆಯ ಅಂಗಳಕ್ಕೆ ತಾಗಿಕೊಂಡಿರುವ ಭಜನಾ ಮಂದಿರದಲ್ಲಿ ನಡೆಯಿತು. ದೊಡ್ಡ ಮನುಷ್ಯರು ಅಲ್ಲೇ ಪಕ್ಕದ ಊರಿನಲ್ಲಿ ತಿಂಡಿಗೆ ಕೂತಿದ್ದರು. ಜೊತೆಗಿದ್ದ ಇನ್ನೊಬ್ಬ ಕಾವಲಿನವರಿಗೆ ಹೇಳಿ ಇವರು ಓಡಿ ಬಂದಿದ್ದರು. ಬಂದರಲ್ಲ ಎಂದು ನನಗೆ ಹಿಡಿಸಲಾರದಷ್ಟು ಸಂತೋಷ. ಆಮೇಲೆ ನೋಡಿದೆ. ಅಪ್ಪಂದಿರೆಲ್ಲ ಅಂಗಿ ತೆಗೆದು, ಮಕ್ಕಳನ್ನು ತೊಡೆಯಲ್ಲಿ ಕೂರಿಸಿಕೊಂಡು, ಅಕ್ಕಿಯ ತಟ್ಟೆಯ ಮುಂದೆ ಸಾಲಾಗಿ ಕೂತಿದ್ದಾರೆ. ಗಂಡಸರು ಅಂಗಿ ಹಾಕಿಕೊಂಡು ಅಲ್ಲಿ ಕೂರುವ ಕ್ರಮವೇ ಇಲ್ಲ. ಹುಟ್ಟಿದಂದಿನಿಂದ ಕಂಡ ಕ್ರಮ, ನಮ್ಮಿಬ್ಬರಿಗೂ ನೆನಪಿಗೇ ಬಂದಿರಲಿಲ್ಲ.

ಇವರು ಅಂಗಿಯಲ್ಲೇ ಕೂತರು. ಅಕ್ಷರ ಬರೆಸುವ ಮಾಸ್ಟ್ರು ಮೆಲ್ಲಗೆ, "ಅಂಗಿ ತೆಗಿ ಮಾರಾಯ" ಎಂದರು. "ಇರ್ಲಿ ಮಾಸ್ಟ್ರೇ" ಎಂದರು ಇವರು. "ಪೊಲೀಸ್ ಆದ್ರೆ ದೇವರ ಎದುರು ಸಹ ಗತ್ತಾ?" ಎಂದು ಹಿಂದಿನಿಂದ ಯಾರೋ ಹೇಳಿದ್ದು ಎಲ್ಲರಿಗೂ ಕೇಳಿತು. ನಿಜ ಹೇಳಿದ್ದರೆ ತಾಯಂದಿರೆಲ್ಲ ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಓಡುತ್ತಿದ್ದೆ.

ಅಷ್ಟರಲ್ಲಿ ತೊಡೆಯಲ್ಲಿದ್ದ ಮಗಳು ಹಿಂದಕ್ಕೆ ವಾಲಿ, ಹಿಡಿದುಕೊಳ್ಳಲು ಕೈಯನ್ನು ಅಂಗಿಯೊಳಗೆ ತೂರಿಸಿ, "ಅಪ್ಪಾ, ಇದೆಂತ ಗಟ್ಟಿ?" ಎಂದಳು. ಇವರು ಅವಳ ಕೈಯನ್ನು ಹಿಡಿದೆಳೆದ ರಭಸಕ್ಕೆ ಅವಳು ಜೋರಾಗಿ ಅತ್ತುಬಿಟ್ಟಳು. ಅವಳನ್ನು ನನ್ನ ಮಡಿಲಿಗೆ ಹಾಕಿ ಎದ್ದು ಹೊರಟೇಹೋದರು. ಮಗಳು ನನ್ನ ತೊಡೆಯಲ್ಲಿ ಕೂತು, ಬಿಕ್ಕುತ್ತಾ ಅಕ್ಕಿಯಲ್ಲಿ ಮೊದಲ ಅಕ್ಷರ ಬರೆದಳು. "ಲಾಕ್ ಹಾಕಿತ್ತು, ಎಂತ ಸಹ ಆಗ್ತಿರ್ಲಿಲ್ಲ" ಎಂದು ಇವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಹೇಳಿದಷ್ಟೂ ನನ್ನ ಹೆದರಿಕೆ ಹೆಚ್ಚಿದೆ.

ಮೊನ್ನೆಯ ಸಭೆಯಲ್ಲಿ ಹೆಡ್ ಟೀಚರ್ ಮೊದಲೇ ಹೇಳಿದರು, "ಕಾನೂನು ಮಾಡುವವರು ನಾವಲ್ಲ. ವಿನಂತಿ ಮಾತ್ರ ಮಾಡ್ಲಿಕ್ಕೆ ಆಗ್ತದೆ." ಆಯುಧ ಇರುವವರು ಯಾರೇ ಆಗಲಿ, ಮಕ್ಕಳನ್ನು ಕರೆದೊಯ್ಯಲು ಬಂದಾಗ ಗೇಟಿನ ಹೊರಗೆ ನಿಲ್ಲಬೇಕು, ಒಪ್ಪುವವರು ಕೈ ಎತ್ತಿ ಎಂದರು. ಪಕ್ಕದಲ್ಲಿದ್ದ ಲವೀನಾ, ಪಿಸ್ತೂಲು ನೋಡಿದ ಆ ಹುಡುಗಿಯ ತಾಯಿ, ನನ್ನ ಮುಖ ನೋಡಿ ಎತ್ತಿದ ಕೈಯನ್ನು ಅರ್ಧಕ್ಕೆ ಇಳಿಸಿದಳು. "ನಿಮ್ಮ ಗಂಡನಿಗೆ ಬೇಜಾರಾಗ್ಲಿಕ್ಕಿಲ್ವಾ?" ಎಂದಳು. ನಾನು ಕೈ ಎತ್ತಿದೆ. ಆಮೇಲೆ ಅವಳೂ ಎತ್ತಿದಳು.

ಫೋನಿನಲ್ಲಿ ಇವರಿಗೆ ಎಲ್ಲ ಹೇಳಿದೆ. "ಒಳ್ಳೆದಾಯ್ತು. ಹೊರಗೆ ನಿಲ್ತೇನೆ," ಎಂದರು. "ಅವಳಿಗೊಂದು ಹೇಳು. ನನ್ನನ್ನು ಕಂಡ ಕೂಡ್ಲೇ ಓಡಿ ಬಂದು ತಬ್ಬುವುದು ಬೇಡ. ಮೆಲ್ಲ ನಡ್ಕೊಂಡು ಬರ್ಲಿ."

ಹೇಳಿದೆ. ಒಂದೇ ಸಲಕ್ಕೆ ಮಾತು ಕೇಳುವ ಜಾತಿಯವಳಲ್ಲ ನನ್ನ ಮಗಳು. ಅದಕ್ಕೇ ನಿನ್ನೆ ಸಂಜೆ ಇವರ ಜೊತೆ ನಾನೂ ಗೇಟಿಗೆ ಹೋದೆ. ಗಂಟೆ ಹೊಡೆಯಿತು. ಅಪ್ಪನನ್ನು ಕಂಡವಳು ನಾಲ್ಕು ಹೆಜ್ಜೆ ಓಡಿದಳು, ನಿಂತಳು. ಬ್ಯಾಗಿನ ಪಟ್ಟಿ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದಳು. ಗೇಟು ದಾಟಿ, ಇವರಿಗೆ ತಾಗದಷ್ಟು ದೂರದಲ್ಲಿ ನಿಂತು ಕೇಳಿದಳು, "ಅಪ್ಪಾ, ಈಗ ಮುಟ್ಟಬಹುದಾ?"