ಆಯಿಯ ಪಾಲಿನ ಕುರಿಗಳು

ಆಗೆಲ್ಲ ಪೆನ್ಶನ್ ಪ್ಲ್ಯಾನ್ ಎಂಬ ಮಾತು ನಮ್ಮ ಬಿಳೂರಿಗೆ ಬಂದಿರಲಿಲ್ಲ. ಹೆಂಗಸರ ರಿಟೈರ್‌ಮೆಂಟ್ ಸೇವಿಂಗ್ಸ್ ಬಯಲಿನಲ್ಲಿ ಮೇಯುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಕುಪ್ಪಸ ಹೊಲಿದು ಉಳಿಸಿದ ದುಡ್ಡಿನಲ್ಲಿ ಒಂದು ಜೋಡಿ ಕುರಿ ಕೊಂಡು ದರಿಬಡಚಿಯ ಬೀರಪ್ಪನ ಹಿಂಡಿನಲ್ಲಿ ಪಾಲಿಗೆ ಬಿಟ್ಟಿದ್ದಳು. ಮೇಯಿಸುವುದು ಅವನ ಕೆಲಸ. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. ಹಾಗೇ ಬೆಳೆದೂ ಬೆಳೆದೂ ಅವಳದೇ ಒಂದು ಸಣ್ಣ ಹಿಂಡಾಗಿತ್ತು.

ನಾನು ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸ್‌ಗೆ ಬಂದಿದ್ದ ಒಂದು ಬೇಸಿಗೆ, ಗೊಬ್ಬರಕ್ಕೆಂದು ಬೀರಪ್ಪ ನಮ್ಮ ಹೊಲದಲ್ಲಿ ಕುರಿ ತರುಬಿದ್ದ. ಬೆಳಿಗ್ಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಆಯಿಯೊಡನೆ ಹೋದೆ. ಹಿಕ್ಕೆಯ ಘಾಟು, ಉಣ್ಣೆಯ ಬಿಸಿ ವಾಸನೆ. ಆಯಿ ಒಂದೊಂದೇ ಕುರಿಯ ಕಿವಿ ಹಿಡಿದು ತನ್ನ ಗುರುತು ಹುಡುಕಿದಳು. ಒಂದಕ್ಕೂ ಇರಲಿಲ್ಲ.

"ಆಯಿ, ನೀವ ಕಳಸೀರಿ ಅಂದ್ರಲ್ರಿ ಸಣ್ಣ ಸಾಹುಕಾರ್ರು," ಎಂದ ಬೀರಪ್ಪ. "ದೀಪಾವಳಿ ಮುಂದ ಬಂದು ನಿಮ್ಮವಷ್ಟೂ ಹೊಡಕೊಂಡ ಹೋದ್ರು."

ಸಣ್ಣ ಸಾಹುಕಾರ ಎಂದರೆ ನನ್ನ ಕಾಕಾ, ಆಯಿಯ ಕಿರಿಮಗ. ದೀಪಾವಳಿಗೇ ಅವನ ಮನೆಯ ಮುಂದೆ ಹೊಸ ಫಟಫಟಿ ಬೈಕು ಬಂದು ನಿಂತಿತ್ತು.

ಆಯಿ ಕೇಳಿದಾಗ ಅವನು ತಲೆಯನ್ನೂ ತಗ್ಗಿಸಲಿಲ್ಲ. "ಅವ್ವಾ, ಗಾಡಿ ಇದ್ರ ನಾಕ ಊರಾಗ ವ್ಯಾಪಾರ ಆಗತೈತಿ. ನಿನಗೇನ ಕಮ್ಮಿ? ನಾ ಇಲ್ಲೇನ?"

"ನೀ ಅದಿ ಅಂತನ ಕುರಿ ಸಾಕಿದ್ದೆ," ಎಂದಳು ಆಯಿ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಫರ್ಗಿವ್ನೆಸ್ ಇದೇ ಇರಬೇಕು ಎಂದುಕೊಂಡು ನನಗೆ ಬಹಳ ಬೇಜಾರಾಯಿತು.

ರಜೆ ಮುಗಿಯುವ ಮುಂಚೆ ಕಾಕಾನಿಗೆ ಅಂಗಡಿ ದೊಡ್ಡದು ಮಾಡಲು ಪತಪೇಢಿಯ, ಅಂದರೆ ಊರಿನ ಸಹಕಾರಿ ಸಂಘದ, ಸಾಲ ಬೇಕಾಯಿತು. ನಾವಿದ್ದ ಮನೆ ಆಯಿಯ ಹೆಸರಿನಲ್ಲಿತ್ತು; ಅವಳ ಜಾಮೀನಿಲ್ಲದೆ ಅವರು ಲೋನ್ ಕೊಡುವುದಿಲ್ಲ. "ಬರೇ ಒಂದ ಹೆಬ್ಬಟ್ಟ, ಅವ್ವಾ." ಆಯಿ ಇಳಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದು ಹೊರಟೇಬಿಟ್ಟಳು.

ಆಫೀಸಿನ ತುಂಬ ಜನ. ಆಯಿ ನಿಧಾನವಾಗಿ ಚಹಾ ಕುಡಿದಳು. ಸೆಕ್ರೆಟರಿ ಮಸಿಯ ಡಬ್ಬಿ ಮುಂದೆ ಸರಿಸಿದಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಇಂವಾ ಕಟ್ಟಲಿಲ್ಲಂದ್ರ, ಸಾಹೇಬ್ರ?"

"ನಿಮ್ಮ ಮನಿ ಹೋಗತೈತ್ರಿ."

"ಹಂಗಾರ ಮೊದಲ ನನ್ನ ಹಳೇ ಬಾಕಿ ತೀರಸ್ಲಿ."

ಕಾಕಾನ ಮುಖ ಕೆಂಪಾಯಿತು. "ಎಷ್ಟ ರೊಕ್ಕಾ ಹೇಳವ್ವಾ, ಕೊಡ್ತೀನಿ."

"ರೊಕ್ಕಾ ಬ್ಯಾಡ. ಕುರಿ ಬೇಕು. ಇಷ್ಟೊತ್ತಿಗೆ ಅವು ಈದಿರತಿದ್ದ ಮರಿ ಸುದ್ದಾ."

"ಹುಟ್ಟದ ಮರಿ ನಾ ಎಲ್ಲಿಂದ ತರ್ಲಿ?"

"ಇವ್ರ ರೊಕ್ಕಾ ವರ್ಷಾ ಮರಿ ಹಾಕತೈತಿ. ನನ್ನ ಕುರಿ ಹಾಕೂದಿಲ್ಲೇನ?"

ಸೆಕ್ರೆಟರಿಯೂ ನಕ್ಕುಬಿಟ್ಟ.

ಫಟಫಟಿ ಮಾರಿ ಕಾಕಾ ಜತ್ತಿನ ಸಂತೆಯಲ್ಲಿ ಕುರಿ ಕೊಂಡ. ಟ್ರಕ್ಕಿನಲ್ಲಿ ತರುತ್ತೇನೆಂದಿದ್ದಕ್ಕೆ ಆಯಿ ಒಪ್ಪಿರಲಿಲ್ಲ. "ಹೊಡಕೊಂಡ ಹೋದಂಗ ಹೊಡಕೊಂಡ ಬಾ. ಹಾಡಾಹಗಲಿ, ಊರಾಗಿಂದ."

ನಾನು ಮಾಳಿಗೆಯ ಮೇಲೆ ಶೇಂಗಾ, ಬೆಲ್ಲ ತಿನ್ನುತ್ತ ಕುಳಿತಿದ್ದೆ. ರಣಬಿಸಿಲಿನಲ್ಲಿ ಬಿಳಿ ಧೋತರದ ನನ್ನ ಕಾಕಾ, ಕೈಯಲ್ಲಿ ಕೋಲು, ಸಿಕ್ಕಸಿಕ್ಕ ಅಂಗಳಕ್ಕೆ ನುಗ್ಗುವ ಕುರಿಗಳ ಹಿಂದೆ ಓಡುತ್ತಿದ್ದ. "ಯಾಕ್ರಿ ಸಾಹುಕಾರ್ರ, ಗಾಡಿ ಮರಿ ಹಾಕೇತೇನ್ರಿ?" ಎಂದು ಕಟ್ಟೆಯ ಮೇಲಿನ ಹೆಂಗಸರು ಕೇಳಿದರು. ಇನ್ನೊಂದು ರೌಂಡ್ ಬರಲಿ, ಗಾಡ್, ಪ್ಲೀಸ್, ಎಂದು ನಾನು ಬೇಡಿಕೊಂಡೆ.

ಮರುದಿನ ಅವನು ಹೆಬ್ಬೆಟ್ಟು ಕೇಳಲು ಬಂದ. ಆಯಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಬಾಕಿ ತೀರಸು ಅಂದಿದ್ದೆ. ಜಾಮೀನ ನಿಲ್ತೀನಿ ಅಂದಿದ್ನೇನ?"

ಕೊನೆಯ ದಿನಗಳ ಅವಳ ಔಷಧ, ಆಸ್ಪತ್ರೆ ಎಲ್ಲ ಆ ಕುರಿಗಳಿಂದಲೇ ನಡೆಯಿತು. ಯಾರ ಮುಂದೆಯೂ ಕೈಯೊಡ್ಡದೆ ಹೋದಳು.

ಈಗ ನನ್ನ ಸೇವಿಂಗ್ಸ್ ಎಫ್‌ಡಿಯಲ್ಲಿದೆ, ಇತ್ತು ಎನ್ನಬೇಕು. ಮೈದುನನ ಮಗ ನನ್ನ ಸಹಿ ಹಾಕಿಸಿ ಅದರ ಮೇಲೆ ಲೋನ್ ತೆಗೆಸಿಕೊಂಡು ಇಎಂಐ ನಿಲ್ಲಿಸಿದ. ಬ್ಯಾಂಕು ತನ್ನ ಪಾಲು ಮುರಿದುಕೊಂಡಿತು. ಅವನಿಂದ ಸಾರಿ ಆಂಟಿ ಎಂದು ಮೊಬೈಲಿನಲ್ಲಿ ಕೈಮುಗಿದ ಚಿತ್ರ ಬಂತು. ನೋಟಿಸ್ ಕಳಿಸೋಣ, ಅದಕ್ಕೊಂದು ಪ್ರೋಸೆಸ್ ಇದೆ ಎನ್ನುತ್ತಾರೆ ವಕೀಲರು. ದುಡ್ಡು ಬಂದರೂ ಬಂದೀತು. ನನಗೆ ಬೇಕಾದದ್ದು ಅವನು ಬಿಸಿಲಿನಲ್ಲಿ ನಡೆಯುವುದು. ಆದರೆ ಈ ಅಪಾರ್ಟ್‌ಮೆಂಟಿಗೆ ಅವನು ಎಸಿ ಕಾರಿನಲ್ಲಿ ಬಂದು ಲಿಫ್ಟ್ ಹತ್ತಿ ಹೋದರೆ, ಅವನು ಯಾರು, ಯಾರದ್ದನ್ನು ತಿಂದ ಎಂದು ಕೇಳುವವರು ಒಬ್ಬರೂ ಇಲ್ಲ. ವಾಚ್‌ಮನ್ ಎದ್ದು ಅವನಿಗೆ ಸೆಲ್ಯೂಟ್ ಹೊಡೆಯುತ್ತಾನೆ.