ಸೊಪ್ಪಿನಮ್ಮನ ಈಚೆಗೇ ಕೂತ ಅಕ್ಕ

ನಾನು ಚಿಕ್ಕವಳಿದ್ದಾಗ ಕಾಡಿಗೆ ಟಿಕೆಟೂ ಇರಲಿಲ್ಲ, ಗೇಟೂ ಇರಲಿಲ್ಲ. ಬೆಳಕವಾಡಿಯ ಆಚೆ ಕಾಡು ಶುರುವಾಗುವ ಕಡೆ ಹುಣಸೆಮರದಡಿ ಸೊಪ್ಪಿನಮ್ಮ ಇದ್ದಳು. ಗುಡಿಯಿಲ್ಲ, ಒಂದು ಕಲ್ಲು ಅಷ್ಟೆ. ಹಸಿರು ಸೊಪ್ಪು ಮುರಿದು ಅವಳ ಮುಂದಿಟ್ಟು ಕೈಮುಗಿದರೆ ಒಳಗೆ ಬಿಟ್ಟುಕೊಳ್ಳುತ್ತಾಳೆ ಎಂಬ ನಂಬಿಕೆ. ನನಗೆ ಇವತ್ತಿಗೂ ಅದೇ ನಂಬಿಕೆ.

ಆ ವರ್ಷ ರಾಗಿ ಒಕ್ಕಣೆ ಮುಗಿದ ಮೇಲೆ ಅಪ್ಪ ಗಾಡಿ ಕಟ್ಟಿದರು. ಅಕ್ಕನ ಮದುವೆ ಯಲಿಯೂರಿಗೆ ಗೊತ್ತಾಗಿತ್ತು. ಅಲ್ಲಿ ಸುತ್ತಲೂ ಕಬ್ಬಿನ ಗದ್ದೆ. ಹೋಗುವ ಮೊದಲು ಒಮ್ಮೆ ಕಾಡು ನೋಡಬೇಕು, ಒಳಗಿನ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು ಎಂದು ಹಟ ಹಿಡಿದವಳು ಅವಳೇ. ಬುತ್ತಿಯಿಂದ ಹುಳಿಯನ್ನದ ವಾಸನೆ, ಕೆಳಗೆ ಒಣಹುಲ್ಲಿನ ಮೆತ್ತೆ. ದಾರಿಯುದ್ದಕ್ಕೂ ಅಕ್ಕ ಹಾಡಿದಳು.

ಹುಣಸೆಮರದ ಹತ್ತಿರ ಇಳಿದಾಗ ಅಕ್ಕ ಅವ್ವನ ಕಿವಿಯಲ್ಲಿ ಏನೋ ಹೇಳಿದಳು. ಮುಟ್ಟಾಗಿದ್ದಳು. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೇವರ ಮುಂದೆ ಸುಳ್ಳು ಬೇಡವೆಂದು ಹೇಳಿದಳು.

"ಅಮ್ಮನ್ನ ದಾಟಂಗಿಲ್ಲ ಕಣವ್ವ. ಗಾಡಿ ತಾವೇ ಕುಂತಿರು," ಎಂದಳು ಅವ್ವ.

"ಇನ್ಯಾವಾಗ ಬರಾದವ್ವ ನಾನು?"

"ನಿನ್ ಗಂಡ ಕರ್ಕೊಂಡ್ ಬತ್ತಾನೆ ಬುಡು," ಎಂದರು ಅಪ್ಪ, ಎತ್ತಿನ ಹಗ್ಗ ಬಿಚ್ಚುತ್ತಾ. ಅವಳ ಮುಖ ನೋಡಲಿಲ್ಲ.

ಅವಳನ್ನು ಬಿಟ್ಟು ನಾವು ಒಳಗೆ ಹೋದೆವು. ಬಿದಿರು ಕಿರುಗುಟ್ಟುತ್ತಿತ್ತು. ಹೊಳೆಯ ನೀರು ತಣ್ಣಗೆ ಕಾಲು ಕಚ್ಚುತ್ತಿತ್ತು. ನಾನು ಲಂಗದ ಮಡಿಲು ತುಂಬ ಕಾರೆಹಣ್ಣು ತಂದೆ. ಅಕ್ಕನ ಕೈಗೆ ಕೊಡಹೋದರೆ ಅವ್ವ ತಡೆದಳು. ನೆಲದ ಮೇಲಿಟ್ಟೆ. ಅವಳು ಮಣ್ಣು ಒರೆಸಿ ತಿಂದಳು.

ಗಂಡ ಕರೆದುಕೊಂಡು ಬರಲಿಲ್ಲ. ಕಬ್ಬು, ಹಸು, ಬಾಣಂತನ, ಅತ್ತೆಯ ಕಾಯಿಲೆ, ಇದರಲ್ಲೇ ಅವಳ ಆಯುಸ್ಸು ಸವೆಯಿತು.

ಈ ಚಳಿಗಾಲದಲ್ಲಿ ಮೊಮ್ಮಕ್ಕಳ ಜೊತೆ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಮರವಿದೆ, ಕಲ್ಲಿದೆ, ಪಕ್ಕದಲ್ಲಿ ಟಿಕೆಟ್ ಕೌಂಟರು. ಅಲ್ಲಿಂದಾಚೆ ನಡೆದೇ ಹೋಗಬೇಕು. ಅಕ್ಕ ಮಂಡಿ ಹಿಡಿದುಕೊಂಡು ಅದೇ ಮರದಡಿ ಕೂತಳು.

"ಆಗ ಅಮ್ಮ ಬ್ಯಾಡ ಅಂದ್ಲು, ಈಗ ಕಾಲು ಬ್ಯಾಡ ಅಂತದೆ. ನೀವ್ ಓಗ್ಬನ್ನಿ," ಎಂದಳು.

ಸೊಪ್ಪಿನಮ್ಮ ಎಂದೂ ಬೇಡವೆಂದವಳಲ್ಲ. ಬೇಡವೆಂದವರು ಮನೆಯವರು.

ದೊಡ್ಡ ಮೊಮ್ಮಗಳು ಅವತ್ತು ಮುಟ್ಟಾಗಿದ್ದಳು. ಕಾರಿನಲ್ಲೇ ನನಗೆ ಹೇಳಿದ್ದಳು. "ಸೊಪ್ಪಿಟ್ಟು ಓಗು ಮಗ," ಎಂದೆ. ಸೊಪ್ಪಿಟ್ಟಳು, ಹೋದಳು, ಹೊಳೆಯಲ್ಲಿ ಆಡಿ ಚೂಡಿದಾರ ಒದ್ದೆ ಮಾಡಿಕೊಂಡು ಬಂದಳು. ಬೊಗಸೆಯಲ್ಲಿ ಕಾರೆಹಣ್ಣು. ನೆಲದ ಮೇಲಿಡಲಿಲ್ಲ, ಅಕ್ಕನ ಕೈಗೇ ಹಾಕಿದಳು.

ಅಷ್ಟನ್ನಾದರೂ ನನ್ನ ಕಣ್ಣಿಗೆ ತೋರಿಸಿದಳು ಆ ತಾಯಿ. ಅಕ್ಕ ಮೊಮ್ಮಗಳ ಚೂಡಿದಾರದ ಒದ್ದೆ ಅಂಚನ್ನು ಬೆರಳಲ್ಲಿ ಹಿಂಡಿ ನೋಡಿದಳು. ಹೊಳೆ ಅವಳಿಗೆ ದಕ್ಕಿದ್ದು ಅಷ್ಟೆ.